ಎರಡು ಚೌಕ

ಲಕ್ಷ್ಮೀಪುರಂ, ಆಡಿಟರ್ ಸಂಪತ್ಕುಮಾರರ ಆಫೀಸು, ಮಹಡಿ ಮೇಲೆ,
ಹದಿನಾಲ್ಕು ವರ್ಷದಿಂದ ಊರಿನ ಆದಾಯ ಟೈಪು ಮಾಡುತ್ತಿದ್ದೇನೆ.
ಯಾರ ಮಡಿಲಲ್ಲಿ ಎಷ್ಟು ಗಂಟು ಎಂದು ಗೊತ್ತಿರುವುದಕ್ಕೆ ಸಂಬಳ,
ಗೊತ್ತಿಲ್ಲದ ಹಾಗೆ ಇರುವುದಕ್ಕೆ ದೀಪಾವಳಿಗೆ ಬೋನಸ್ಸು.

ಜುಲೈ ಬಂತೆಂದರೆ ಅರಸ್ ಮೇಷ್ಟ್ರು ಬರುತ್ತಿದ್ದರು,
ಗೋಕುಲಂನ ಯೋಗದ ಕಾಂತರಾಜೇ ಅರಸ್.
ಮೆಟ್ಟಿಲು ಹತ್ತಿದ ಸದ್ದೇ ಇಲ್ಲ,
ಎದುರಿಗೆ ನಿಂತಾಗಲೇ ತಿಳಿಯುವುದು.
ಅರವತ್ತೆಂಟರಲ್ಲಿ ಅಂಥ ಬೆನ್ನು!
ಕೈಯಲ್ಲಿ ಸೀಬೆಹಣ್ಣಿನ ಚೀಲ, ಕಂಕುಳಲ್ಲಿ ಒಂದೇ ಫೈಲು:
ಹಿಂದಿನ ಔಟ್‌ಹೌಸಿನ ಬಾಡಿಗೆ,
ಬೆಳಗಿನ ನಾಲ್ಕೂವರೆಗೆ ಚಾಪೆ ಹಿಡಿದು ಬಾಗಿಲಲ್ಲಿ ಸಾಲುನಿಲ್ಲುವ
ಬಿಳಿಯ ಹುಡುಗ ಹುಡುಗಿಯರು ಕೊಟ್ಟ ಫೀಸು, ರಸೀದಿ ಸಮೇತ.

ಬೇಸಿಗೆಯಲ್ಲಿ ಅವರು ಹೆಲ್ಸಿಂಕಿಗೆ, ಲಿಸ್ಬನ್ನಿಗೆ ಹೋಗಿ ಕಲಿಸಿದ್ದು,
ಅದರ ಹಣ ಸಿಂಗಾಪುರದ ಒಂದು ಖಾತೆಯಲ್ಲಿ
ತಣ್ಣಗೆ ಪದ್ಮಾಸನ ಹಾಕಿ ಕೂತದ್ದು
ಫೈಲಿನಲ್ಲಿ ಇರಲಿಲ್ಲ.
ನನಗೆ ಗೊತ್ತಿತ್ತೇ?
ಯಾರೂ ಕೇಳುವ ಮೊದಲು ನಾನೇ ಕೇಳಿಕೊಳ್ಳುತ್ತಿದ್ದೇನೆ.
ಒಂದು ಸಲ ಹತ್ತು ಯೂರೋದ ನೋಟು ಕೊಟ್ಟರು,
"ನಿಮ್ಮ ಮಗಳು ನೋಡಲಿ" ಎಂದು.

ನಮೂನೆಯಲ್ಲೊಂದು ಪ್ರಶ್ನೆ ಇರುತ್ತದೆ.
ಹೊರದೇಶದಲ್ಲಿ ನಿಮಗೆ ಖಾತೆ, ಆಸ್ತಿ, ಸಹಿ ಹಾಕುವ ಹಕ್ಕು, ಏನಾದರೂ ಉಂಟೇ?
ಹೌದು ಎಂದೊಂದು ಚೌಕ, ಇಲ್ಲ ಎಂದೊಂದು.
ರಾಗಿಕಾಳಿನಷ್ಟು.
ಪ್ರತಿ ವರ್ಷ ನನ್ನ ಬೆರಳು ಅಲ್ಲಿ ಒಂದು ಗಳಿಗೆ ತಡೆಯುತ್ತಿತ್ತು.
"ಅದೆಲ್ಲ ನಮಗ್ಯಾಕೆ ಸರ್ವಮಂಗಳಾ, ಇಲ್ಲ ಅಂತ ಒತ್ತಿಬಿಡಿ,"
ಎನ್ನುತ್ತಿದ್ದರು, ಉಸಿರು ಬಿಟ್ಟಷ್ಟು ಸಲೀಸಾಗಿ.
ಒತ್ತಿದೆ. ಏಳು ಜುಲೈ. ಏಳು ಇಲ್ಲ.

ಮದುವೆಮನೆಯವರು ಮುಯ್ಯಿ ಬರೆದಿಡುವ ಹಾಗೆ
ಹೆಸರು, ಊರು, ಮೊತ್ತ ಬರೆದು
ಅಲ್ಲಿಯ ಬ್ಯಾಂಕು ಇಲ್ಲಿಯ ಸರ್ಕಾರಕ್ಕೆ ಮುಟ್ಟಿಸುತ್ತದಂತೆ.
ಮೊದಲು ಮೆಸೇಜು ಬಂತು, ಮೆತ್ತಗೆ:
ತಿದ್ದಿಕೊಳ್ಳಿ, ಡಿಸೆಂಬರ್ ಕೊನೆಯ ತನಕ ಸಮಯವಿದೆ.
ಮೋಸಗಾರರದಿರಬೇಕು ಎಂದು ಅಳಿಸಿಹಾಕಿದರಂತೆ ಮೇಷ್ಟ್ರು.
ಆಮೇಲೆ ಬಂದದ್ದು ಮೆತ್ತಗಿರಲಿಲ್ಲ.

ಆಡಿಟರು ಕನ್ನಡಕ ಒರೆಸುತ್ತ ಹೇಳಿದರು:
ತೆರಿಗೆ ಬೇರೆ, ತೆರಿಗೆಯ ಮೂರರಷ್ಟು ದಂಡ ಬೇರೆ,
ಮುಚ್ಚಿಟ್ಟ ಒಂದೊಂದು ವರ್ಷಕ್ಕೂ ಹತ್ತು ಲಕ್ಷ ಮತ್ತೆ ಬೇರೆ.
ಅದೆಲ್ಲ ಆದಮೇಲೆ ಕೋರ್ಟು,
ಆರು ತಿಂಗಳಿಗೆ ಕಡಿಮೆಯಿಲ್ಲದೆ ಏಳು ವರ್ಷದ ತನಕ
ಕಠಿಣ ಸಜೆ.

"ಕಠಿಣ ಅಂದರೆ?"

ಶೀರ್ಷಾಸನದಲ್ಲಿ ಕಾಲುಗಂಟೆ ಕದಲದ ಮನುಷ್ಯ;
ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ಬಲಮಂಡಿ ಅದುರುತ್ತಿತ್ತು.
ಅಂಗೈಯಿಂದ ಅದುಮಿ ಹಿಡಿದರು,
ಬೇರೆಯವರ ಮಗುವನ್ನು ಸುಮ್ಮನಾಗಿಸುವ ಹಾಗೆ.
"ಆ ದುಡ್ಡನ್ನ ನಾನು ಮುಟ್ಟಿಯೂ ಇಲ್ಲವಲ್ಲ," ಎಂದರು.
"ಮುಟ್ಟದೆ ಇಟ್ಟಿದ್ದೇ ಸ್ವಾಮಿ ಕೇಸು," ಎಂದರು ಆಡಿಟರು.
ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು.
ಟೈಪು ಮಾಡಿದವರ ಹೇಳಿಕೆಯೂ ಬೇಕಾಗಬಹುದಂತೆ.

ಆ ರಾತ್ರಿ ಬೀರು ತೆಗೆದೆ.
ಗಂಧದ ಸೋಪಿನ ಖಾಲಿ ಡಬ್ಬಿಯಲ್ಲಿ ಹತ್ತು ಯೂರೋ,
ಒಂದು ಬದಿಗೆ ಬಾಗಿಲು, ಇನ್ನೊಂದು ಬದಿಗೆ ಸೇತುವೆ.
ಮೂಸಿದೆ. ಸೋಪಿನದೇ ವಾಸನೆ.
ಎಲ್ಲಿಂದ ಬಂದೆ ಎಂದು ಅದು ಬಾಯಿಬಿಡುವುದಿಲ್ಲ.
ಡಬ್ಬಿಯ ಮುಚ್ಚಳ ಹಾಕಿದೆ, ತೆಗೆದೆ, ಹಾಕಿದೆ.

ಈಗ ಎಲ್ಲರನ್ನೂ ಗಟ್ಟಿಯಾಗಿ ಕೇಳುತ್ತೇನೆ, ಎರಡು ಸಲ.
ತರಕಾರಿ ಮಂಡಿಯವರು ನಗುತ್ತಾರೆ,
ಡಾಕ್ಟರುಗಳಿಗೆ ಸಿಟ್ಟು ಬರುತ್ತದೆ.
ಮೊನ್ನೆ ಮಂಡಿಮೊಹಲ್ಲಾದ ಗೌಸ್ ಸಾಹೇಬರು ಬಂದಿದ್ದರು,
ರೈಲ್ವೆ ವರ್ಕ್‌ಶಾಪಿನ ಪಿಂಚಣಿ, ಒಂದೇ ಸಾಲಿನ ಲೆಕ್ಕ.
"ಹೊರದೇಶದಲ್ಲಿ ನಿಮ್ಮದು ಅಂತ ಏನಾದರೂ?"
ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಯೋಚಿಸಿದರು.
"ಅಣ್ಣನ ಗೋರಿ ಇದೆ ತಾಯಿ, ಜೆಡ್ಡಾದಲ್ಲಿ.
ಅದನ್ನೂ ಬರೆಸಬೇಕಾ?"

ಎರಡು ಚೌಕದ ನಡುವೆ ನನ್ನ ಬೆರಳು.
ಫ್ಯಾನು ಕಿರ್ರೆನ್ನುತ್ತ ಸುತ್ತುತ್ತಿತ್ತು.
ಅವರು ಉತ್ತರಕ್ಕೆ ಕಾಯುತ್ತಿದ್ದರು.